ಹೀರೋ ಬದಲಾದ್ರು, ಆಚಾರ್ಯರು ಬದಲಾಗಲಿಲ್ಲ

ನಮ್ ಜಿಲ್ಲೆ, ನಮ್ ಸಿನಿಮಾ: ಭಾಗ 4

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸಿನಿಮಾ ಪೇಜ್‌ಗಳನ್ನ ಒಂದ್ಸಲ ಸ್ಕ್ರೋಲ್ ಮಾಡಿ. ಹೀರೋ ಬರ್ತ್‌ಡೇಗೆ ಸಾಲು ಸಾಲು ಪೋಸ್ಟ್. ನಮ್ಮದೇ ಯಳಂದೂರಿನ ಅವಿನಾಶ್‌ಗೆ? ಹೆಚ್ಚಂದ್ರೆ ಒಂದು ಮೀಮ್. ಇಂಗ್ಲಿಷ್ ಮೇಷ್ಟ್ರಾಗಿದ್ದು ಸಿನಿಮಾಕ್ಕೆ ಬಂದವರು ಅಂತ ಎಷ್ಟು ಜನಕ್ಕೆ ಗೊತ್ತು?

ಪೋಷಕ ನಟ ಅಂದ್ರೆ 'ಸೈಡ್ ಆಕ್ಟರ್' ಅಂದ್ಕೊಂಡಿದ್ದೀರಿ. ತಪ್ಪು ಕಣ್ರಪ್ಪಾ.

2004, ಆಪ್ತಮಿತ್ರ. ನಿರ್ದೇಶಕರು ಪಿ. ವಾಸು. 2005ರಲ್ಲಿ ಅದೇ ವಾಸು ಅದೇ ಕಥೆಯನ್ನ ತಮಿಳಲ್ಲಿ ಚಂದ್ರಮುಖಿ ಮಾಡಿದ್ರು. ವಿಷ್ಣುವರ್ಧನ್ ಜಾಗಕ್ಕೆ ರಜನಿಕಾಂತ್ ಬಂದ್ರು, ಸೌಂದರ್ಯ ಜಾಗಕ್ಕೆ ಜ್ಯೋತಿಕಾ ಬಂದ್ರು. ಭಾಷೆಯೇ ಬದಲಾಯ್ತು. ಆಚಾರ್ಯರು ಮಾತ್ರ ಅದೇ ಅವಿನಾಶ್! 2010ರ ಆಪ್ತರಕ್ಷಕದಲ್ಲೂ ಅವರೇ. ತಮಿಳಲ್ಲಿ ನಟರಿಗೆ ಬರ ಬಂದಿತ್ತಾ?

'ಟಿಕೆಟ್ ಮಾರೋದು ಹೀರೋ ಮುಖ ತಾನೇ' ಅಂತೀರಾ. ಒಪ್ಪಿದೆ. ಆದ್ರೆ ಒಳಗೆ ಕೂತಮೇಲೆ ನಾಗವಲ್ಲಿ ಇದ್ದಾಳೆ ಅಂತ ನಂಬಿಸಿದ್ದು ಯಾರು? ಆಚಾರ್ಯರ ಮುಖದಲ್ಲಿ ಆ ಗಾಂಭೀರ್ಯ ಇಲ್ದಿದ್ರೆ ನಾವೆಲ್ಲ ನಕ್ಕು ಎದ್ದು ಬರ್ತಿದ್ವಿ.

ಬಿಕಾಂನಲ್ಲಿ ಒಂದು ಪಾಠ ಇದೆ. ಕಂಪನಿ ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನ ಬ್ಯಾಲೆನ್ಸ್ ಶೀಟಲ್ಲಿ ತೋರಿಸಲ್ಲ. ಬೆಲೆ ಇಲ್ಲ ಅಂತಲ್ಲ, ನಿಖರವಾಗಿ ಅಳೆಯೋಕೆ ಆಗಲ್ಲ ಅಂತ. ಪೋಷಕ ನಟರ ಪಾಡೂ ಇದೇ.

ಟಿ.ಎನ್. ಬಾಲಕೃಷ್ಣ ಅವರನ್ನ ತಗೊಳ್ಳಿ. ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಎದುರಿನವರ ತುಟಿ ನೋಡಿ ಟೈಮಿಂಗ್ ಹಿಡೀತಿದ್ರು. 1960ರ ರಣಧೀರ ಕಂಠೀರವ ತೆರೆಗೆ ಬಂದಿದ್ದು ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಇವರೂ ಹೆಗಲು ಕೊಟ್ಟಿದ್ದಕ್ಕೆ. ನಮಗೆ ನೆನಪಿರೋದು ಮಾತ್ರ ಅವರ ಕಾಮಿಡಿ ಕ್ಲಿಪ್ಪು.

ನಾವು ಎದೆ ತಟ್ಟಿ 'ನಮ್ಮೋರು' ಅನ್ನೋ ರಾಜಣ್ಣನ ಮನೆಯನ್ನೇ ನೋಡಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯಲ್ಲಿ ರಾವಣ, ಹಿರಣ್ಯಕಶಿಪು ಥರದ ಪಾತ್ರಗಳಿಗೆ ಹೆಸರಾದವರು. ಕನ್ನಡದ ಅತಿದೊಡ್ಡ ಹೀರೋ ನೋಡ್ತಾ ಬೆಳೆದಿದ್ದು ಹೀರೋ ಪಾತ್ರವನ್ನಲ್ಲ, ಹೀರೋಗೆ ಎದುರು ನಿಲ್ಲೋ ಪಾತ್ರವನ್ನ.

ಹೀರೋಗಳನ್ನ ಬಿಡಿ ಅಂತ ನಾನು ಹೇಳ್ತಿಲ್ಲ. 'ಸೈಡ್ ಆಕ್ಟರ್' ಅನ್ನೋ ಪದ ಬಿಡಿ. ರೀಲ್ ಹಾಕುವಾಗ ಡೈಲಾಗ್ ಹೇಳಿದವರ ಹೆಸರೂ ಹಾಕಿ. ಈ ಸಲ ರಾಜ್ಯೋತ್ಸವಕ್ಕೆ ಕಾಲೇಜಲ್ಲಿ ಕಲಾವಿದರ ಫೋಟೋ ಸಾಲಾಗಿ ಇಡ್ತೀರಲ್ಲ, ಯಳಂದೂರಿನವರಿಗೂ ಒಂದು ಜಾಗ ಇರಲಿ.

ಕಟೌಟೂ ಬೇಡ, ಹಾಲೂ ಬೇಡ. ಹೆಸರು ಹಿಡಿದು ಕರೆದ್ರೆ ಸಾಕು.

ನಿಮಗೆ ಮುಖ ಗೊತ್ತಿದ್ದು ಹೆಸರು ಗೊತ್ತಿಲ್ಲದ ಒಬ್ಬ ನಟರನ್ನ ಹುಡುಕಿ, ಹೆಸರು ಕಾಮೆಂಟ್ ಮಾಡಿ. ಭಾಗ 5 ಅವರ ಮೇಲೇ.

#ಯಳಂದೂರು #ಚಾಮರಾಜನಗರ #ಗುಂಡ್ಲುಪೇಟೆ #ಪೋಷಕನಟರು