ಡಿಸೋಟೊ ಹೋಯಿತು, ರಸ್ತೆ ಉಳಿಯಿತು

ಕರ್ನಾಟಕದ ಕೈಗಾರಿಕೆಯ ಚರಿತ್ರೆ ಬರೆಯುವವರು ಒಂದು ಕಡೆ ತಪ್ಪದೆ ನಿಟ್ಟುಸಿರು ಬಿಡುತ್ತಾರೆ. ಬೆಂಗಳೂರಿಗೆ ಬರಬೇಕಿದ್ದ ಮೋಟಾರು ಕಾರ್ಖಾನೆ ಮುಂಬಯಿಯ ಪಾಲಾಯಿತಲ್ಲ ಎಂಬುದೇ ಆ ನಿಟ್ಟುಸಿರು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ, ಅಲ್ಲಿನ ಕಾರು ತಯಾರಿಕೆಯನ್ನು ಕಂಡು, ಭಾರತಕ್ಕೊಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದಾಗಿತ್ತು. ಬ್ರಿಟಿಷ್ ಭಾರತ ಸರ್ಕಾರ ಯುದ್ಧದ ನೆಪವೊಡ್ಡಿ ಸಹಕರಿಸಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಹುಟ್ಟಿತು; ಮುಂಬಯಿಯ ಕುರ್ಲಾದಲ್ಲಿ ಅದರ ಕಾರ್ಖಾನೆ 1947ರಿಂದ ಡಾಜ್, ಪ್ಲಿಮತ್, ಡಿಸೋಟೊ ಎಂಬ ಅಮೆರಿಕನ್ ಹೆಸರಿನ ವಾಹನಗಳನ್ನು ಜೋಡಿಸಿ ಹೊರಬಿಟ್ಟಿತು.

ಪರಕೀಯ ಆಡಳಿತ ದೇಶೀಯ ಉದ್ಯಮದ ಕತ್ತು ಹಿಸುಕಿತೆಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಕೈತಪ್ಪಿದ್ದು ಏನು ಎಂಬ ಪ್ರಶ್ನೆಯನ್ನು ಆ ನಿಟ್ಟುಸಿರು ಎಂದೂ ಕೇಳಿಕೊಂಡಿಲ್ಲ. ಕೇಳಿಕೊಂಡಿದ್ದರೆ, ಇಂದು ಗುಡ್ಡ ಕಡಿದು ಹೆದ್ದಾರಿ ಅಗಲಿಸುವುದನ್ನೇ ಅಭಿವೃದ್ಧಿಯೆಂದು ಸಾರುವವರ ಬಾಯಿ ಸ್ವಲ್ಪವಾದರೂ ಕಟ್ಟುತ್ತಿತ್ತು. ಮಲೆನಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ಡಿಸೋಟೊ ಎಂಬ ಮರೆತುಹೋದ ಕಾರಿನ ಕಥೆಯನ್ನು ತಿಳಿಯಬೇಕಾದದ್ದು ಈ ಕಾರಣಕ್ಕೆ.

ಲೂಟಿಗಾರನ ಹೆಸರು

ವಾಲ್ಟರ್ ಕ್ರೈಸ್ಲರ್ 1925ರಲ್ಲಿ ತನ್ನ ಕಂಪನಿ ಕಟ್ಟಿದ. 1928ರಲ್ಲಿ ಡಾಜ್ ಕಂಪನಿಯನ್ನು ಕೊಂಡು, ಅದೇ ವರ್ಷ ಪ್ಲಿಮತ್ ಮತ್ತು ಡಿಸೋಟೊ ಎಂಬ ಎರಡು ಹೊಸ ಹೆಸರುಗಳನ್ನು ಮಾರುಕಟ್ಟೆಗೆ ತಂದ. ಡಿಸೋಟೊ ಎಂಬುದು 16ನೆಯ ಶತಮಾನದ ಸ್ಪೇನಿನ ದಂಡನಾಯಕ ಎರ್ನಾಂಡೊ ಡಿ ಸೋಟೊನ ಹೆಸರು. ಚಿನ್ನದ ಆಸೆಯಿಂದ 1539ರಲ್ಲಿ ಫ್ಲಾರಿಡಾದ ದಡ ಹತ್ತಿದ ಈತ ಮೂಲನಿವಾಸಿಗಳ ಊರುಗಳನ್ನು ಸುಟ್ಟು, ಅವರ ಕಣಜಗಳನ್ನು ದೋಚಿ, ಜನರನ್ನು ಸರಪಳಿ ಬಿಗಿದು ಹೊರೆಯಾಳುಗಳನ್ನಾಗಿ ಎಳೆದೊಯ್ದವನು. ಚಿನ್ನ ಸಿಗಲಿಲ್ಲ. 1542ರಲ್ಲಿ ಮಿಸಿಸಿಪ್ಪಿ ನದಿಯ ಬಳಿ ಜ್ವರದಿಂದ ಸತ್ತ. ಇಂಥವನ ಹೆಸರನ್ನು ಸಾಹಸದ ಸಂಕೇತವೆಂದು ಕಾರಿಗೆ ಇಡಲಾಯಿತು; ಮುಂದೆ ಅವನ ಮುಖವನ್ನೇ ಕಾರಿನ ಮೂತಿಯ ಮೇಲೆ ಕೂರಿಸಲಾಯಿತು. ಕಾಡು ನಾಡುಗಳನ್ನು ದೋಚಿದವನು ಕಾರಿಗೆ ಲಾಂಛನವಾದುದರಲ್ಲಿ ಒಂದು ಔಚಿತ್ಯವಿದೆಯೆಂದರೆ ಅದು ಕೇವಲ ಕುಹಕವಲ್ಲ.

ಮೊದಲ ಹನ್ನೆರಡು ತಿಂಗಳಲ್ಲಿ 81,000ಕ್ಕೂ ಹೆಚ್ಚು ಡಿಸೋಟೊ ಕಾರುಗಳು ಮಾರಾಟವಾದವು. ಹೊಸ ಹೆಸರೊಂದು ಮೊದಲ ವರ್ಷವೇ ಇಷ್ಟು ಮಾರಾಟವಾದ ಆ ದಾಖಲೆ ಮೂರು ದಶಕ ಅಳಿಯಲಿಲ್ಲ. ಅಮೆರಿಕದ ಕಾರು ಉದ್ಯಮ ಆ ಹೊತ್ತಿಗೆ ಒಂದು ಏಣಿಯನ್ನು ನಿಲ್ಲಿಸಿತ್ತು. ಅಗ್ಗದ ಮೆಟ್ಟಿಲು, ಮಧ್ಯಮ ಮೆಟ್ಟಿಲು, ದುಬಾರಿ ಮೆಟ್ಟಿಲು. ಕೆಳಗೆ ಪ್ಲಿಮತ್, ಮೇಲೆ ಕ್ರೈಸ್ಲರ್, ನಡುವೆ ಡಾಜ್ ಮತ್ತು ಡಿಸೋಟೊ. ಕಾರು ಕೊಂಡವನ ಸಂಬಳ ಸ್ವಲ್ಪ ಏರಿದರೆ ಅವನು ಮುಂದಿನ ಮೆಟ್ಟಿಲು ಹತ್ತಬೇಕು. ಏರದಿದ್ದರೂ ಪ್ರತಿವರ್ಷ ಹೊರಕವಚ ಬದಲಾಗುವ ಹೊಸ ಮಾದರಿಯೆದುರು ತನ್ನ ಹಳೆಯ ಕಾರನ್ನು ಕಂಡು ನಾಚಬೇಕು. ಈ ನಾಚಿಕೆಯನ್ನು ಬೆಳೆಸುವುದೇ ಜಾಹೀರಾತಿನ ಉದ್ಯೋಗವಾಯಿತು. ಭಾರತದಲ್ಲೂ ಪ್ರೀಮಿಯರ್ ಕಂಪನಿ ಒಂದೇ ಬಗೆಯ ಲಾರಿಯನ್ನು ಡಾಜ್, ಫಾರ್ಗೊ, ಡಿಸೋಟೊ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಮಾರಿತು. ಕಬ್ಬಿಣ ಒಂದೇ, ಹಣೆಯ ಮೇಲಿನ ಹೆಸರು ಮಾತ್ರ ಬೇರೆ.

ಮೂವತ್ತೆರಡು ವರ್ಷದ ಆಯುಸ್ಸು

ಇಳಿಗಾಲ ಹೊರಗಿನ ಶತ್ರುವಿನಿಂದ ಮಾತ್ರ ಬರಲಿಲ್ಲ. 1957ರಲ್ಲಿ ಹಿಂಬದಿಗೆ ಎತ್ತರದ ರೆಕ್ಕೆ ಕಟ್ಟಿಕೊಂಡ ಹೊಸ ಮಾದರಿ ಬಂತು. ಜನ ಮುಗಿಬಿದ್ದು ಕೊಂಡರು. ಅವಸರದಲ್ಲಿ ತಯಾರಾದ ಆ ಕಾರುಗಳಿಗೆ ಬೇಗನೆ ತುಕ್ಕು ಹಿಡಿಯಿತು, ಹೆಸರು ಕೆಟ್ಟಿತು. 1958ರ ಆರ್ಥಿಕ ಹಿಂಜರಿತದಲ್ಲಿ ಮಧ್ಯಮ ಬೆಲೆಯ ಕಾರುಗಳ ಮಾರಾಟ ಕುಸಿಯಿತು. ಕೆಳಗಿನಿಂದ ಡಾಜ್ ಮೇಲೇರಿತು, ಮೇಲಿನಿಂದ ಕ್ರೈಸ್ಲರ್ ಕೆಳಗಿಳಿಯಿತು. ಒಡಹುಟ್ಟಿದವರ ನಡುವೆಯೇ ಡಿಸೋಟೊ ನಜ್ಜುಗುಜ್ಜಾಯಿತು. 1961ರ ಮಾದರಿಯ ಕಾರುಗಳು ಮೂರು ಸಾವಿರದ ಆಸುಪಾಸಿನಷ್ಟು ಮಾತ್ರ ತಯಾರಾದವು. 1960ರ ನವೆಂಬರ್ 30ರಂದು ಕಂಪನಿ ಡಿಸೋಟೊಗೆ ತೆರೆ ಎಳೆಯಿತು.

ಡಿಸೋಟೊ ಹುಟ್ಟಿದಾಗ ವಿಶ್ವೇಶ್ವರಯ್ಯನವರು ಅರವತ್ತು ದಾಟಿದ್ದರು. ಅವರು ತೀರಿಕೊಂಡದ್ದು 1962ರಲ್ಲಿ. ತಾವು ನಾಡಿಗೆ ತರಬಯಸಿದ ಕಂಪನಿಯ ಒಂದು ಹೆಸರು ಅಳಿಯುವುದನ್ನು ಆ ವೃದ್ಧರ ಆಯುಸ್ಸು ಕಂಡಿತು. ಒಬ್ಬ ಮನುಷ್ಯನ ಉತ್ತರಾರ್ಧದಷ್ಟೂ ಬಾಳದ ವಸ್ತುವಿಗೆ ಸಾವಿರ ವರ್ಷದ ನೆಲವನ್ನು ಬರೆದುಕೊಡುವುದು ಯಾವ ಲೆಕ್ಕ?

ಇದೊಂದು ಹೆಸರಿನ ದುರದೃಷ್ಟವಲ್ಲ. ಸ್ಟುಡಿಬೇಕರ್ 1966ರಲ್ಲಿ, ಪ್ಲಿಮತ್ 2001ರಲ್ಲಿ, ಓಲ್ಡ್ಸ್‌ಮೊಬೈಲ್ 2004ರಲ್ಲಿ, ಪಾಂಟಿಯಾಕ್ 2010ರಲ್ಲಿ ಕಣ್ಮುಚ್ಚಿದವು. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ನ್ಯಾಯಾಲಯದ ಬಾಗಿಲಿಗೆ ಹೋದವು. ಜನರಲ್ ಮೋಟಾರ್ಸ್ ಒಂದನ್ನೇ ಉಳಿಸಲು ಅಮೆರಿಕ ಸರ್ಕಾರ ಸುಮಾರು 5,000 ಕೋಟಿ ಡಾಲರ್ ತೊಡಗಿಸಿ, ಅದರಲ್ಲಿ ಸಾವಿರ ಕೋಟಿ ಡಾಲರಿಗೂ ಮಿಕ್ಕಿ ಕಳೆದುಕೊಂಡಿತು. ಕಾರಿನ ರಾಜಧಾನಿಯಾದ ಡೆಟ್ರಾಯಿಟ್ ನಗರವೇ 2013ರಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲಿ ಷೆವರ್ಲೆ ಮಾರಾಟ 2017ರ ಕೊನೆಗೆ ನಿಂತಿತು. ಫೋರ್ಡ್ ತನ್ನ ಭಾರತದ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಸಾರಿದಾಗ ಸುಮಾರು 4,000 ಕೆಲಸಗಾರರ ಬದುಕು ಅತಂತ್ರವಾಯಿತು.

ಕಂಪನಿಗಳಿಗೆ ಹುಟ್ಟು ಸಾವುಗಳುಂಟು. ಅವುಗಳಿಗಾಗಿ ಹಾಸಿದ ರಸ್ತೆಗೆ ಸಾವಿಲ್ಲ. ಅಮೆರಿಕ 1956ರ ಕಾಯಿದೆಯ ಮೂಲಕ ಸುಮಾರು 66,000 ಕಿಲೋಮೀಟರ್ ಹೆದ್ದಾರಿ ಜಾಲಕ್ಕೆ ಕೈಹಾಕಿತು. ನಾಲ್ಕು ವರ್ಷಕ್ಕೆ ಡಿಸೋಟೊ ಹೋಯಿತು. ಹೆದ್ದಾರಿ ಮಾತ್ರ ನಗರಗಳ ಬಡವರ ಕೇರಿಗಳನ್ನು ಸೀಳಿಕೊಂಡು ಮುಂದುವರಿಯಿತು.

ವೃಷಭಾವತಿಯ ಪಕ್ಕದಲ್ಲಿ

ಕಾರ್ಖಾನೆ ಬರದಿದ್ದರೂ ಕಾರು ಬಂತು. ಅದು ಬಂದ ಬಗೆಯನ್ನು ತಿಳಿಯಲು ಪಶ್ಚಿಮ ಬೆಂಗಳೂರನ್ನು ನೋಡಬೇಕು. ರಾಜಾಜಿನಗರ ಅಸ್ತಿತ್ವಕ್ಕೆ ಬಂದದ್ದು 1949ರಲ್ಲಿ, ಕೈಗಾರಿಕಾ ಉಪನಗರವಾಗಿ. ಕಾರ್ಮಿಕರು ನಡೆದೋ ಸೈಕಲ್ ತುಳಿದೋ ಬಸ್ ಹಿಡಿದೋ ಕೆಲಸಕ್ಕೆ ಹೋಗುತ್ತಿದ್ದ ಕಾಲದ ಊರು ಅದು. ಇಂದು ಅಲ್ಲಿಯೂ ಪಕ್ಕದ ಬಸವೇಶ್ವರನಗರ, ವಿಜಯನಗರಗಳಲ್ಲಿಯೂ ಮನೆಗಳ ನೆಲಮಹಡಿ ಕಾರಿನ ಕೊಟ್ಟಿಗೆಯಾಗಿದೆ. ಕೊಟ್ಟಿಗೆಯಲ್ಲಿ ಹಿಡಿಸದ ಕಾರುಗಳು ಅಡ್ಡರಸ್ತೆಯ ಎರಡೂ ಮಗ್ಗುಲು ಮಲಗಿವೆ. ಬಡಾವಣೆಯೊಂದು ಕೆರೆಯ ಹೆಸರಿನಿಂದಲ್ಲ, ಗುಡಿಯ ಹೆಸರಿನಿಂದಲ್ಲ, 'ವೆಸ್ಟ್ ಆಫ್ ಕಾರ್ಡ್ ರೋಡ್' ಎಂದು ರಸ್ತೆಯ ಹೆಸರಿನಿಂದಲೇ ಗುರುತಾಗುತ್ತಿದೆ. ರಾಜಾಜಿನಗರದ ಭಾಗದಲ್ಲಿದ್ದ ಕೇತಮಾರನಹಳ್ಳಿ ಕೆರೆ ಈಗ ಹೆಸರಿಗೆ ಮಾತ್ರ. ಕೆರೆಗಳೆಲ್ಲ ಕಾರಿಗೇ ಬಲಿಯಾದವೆಂದು ಹೇಳಿದರೆ ತಪ್ಪಾದೀತು, ನಿವೇಶನಗಳಿಗೂ ಬಲಿಯಾದವು. ಆದರೆ ಊರು ಹತ್ತು ಮೈಲಿ ಹರಡಲು ಧೈರ್ಯ ಕೊಟ್ಟದ್ದು ಮನೆಮನೆಯ ಸ್ವಂತ ವಾಹನವೇ.

ಈ ಬಡಾವಣೆಗಳ ನೀರೆಲ್ಲ ಇಳಿದು ಸೇರುವುದು ವೃಷಭಾವತಿಗೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಭೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುವ ಹೊಳೆ ಅದು. ಈಗ ಅದರ ಹೆಸರು ಹೊಳೆಯಲ್ಲ, ಮೋರಿ. ನದಿಯ ಪಾತ್ರ ಕಿರಿದಾದಂತೆ ಪಕ್ಕದ ರಸ್ತೆಯ ಪಾತ್ರ ಹಿರಿದಾಯಿತು. 1997ರ ಒಪ್ಪಂದದ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆ ಕೆಂಗೇರಿಯ ಸುತ್ತಲಿನ ರೈತರ ಹೊಲಗಳನ್ನು ಕೇಳಿತು. ನಗರವನ್ನು ಬಳಸುವ ಸುಂಕದ ರಸ್ತೆ ಬಂತು, ಮೈಸೂರು ಮುಟ್ಟುವ ದಾರಿ ಬರಲಿಲ್ಲ, ಜಮೀನಿನ ವ್ಯಾಜ್ಯಗಳು ಉಳಿದವು. ಅದು ಸಾಲದೆಂಬಂತೆ ಹಳೆಯ ಮೈಸೂರು ಹೆದ್ದಾರಿಯೇ ಹತ್ತು ಪಥದ ದಾರಿಯಾಗಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹೊಲ ಕೊಟ್ಟವನ ಟ್ರ್ಯಾಕ್ಟರು ಬದಿಯ ರಸ್ತೆಗೆ, ನಡುದಾರಿ ಕಾರಿಗೆ. ಅಭಿವೃದ್ಧಿ ಯಾರಿಗೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಫಲಕ ಹೇಳೀತು?

ಬೆಂಗಳೂರಿನ ವಾಹನಗಳ ಸಂಖ್ಯೆ 2022ರ ಹೊತ್ತಿಗೆ ಒಂದು ಕೋಟಿ ದಾಟಿತು. ಕ್ರೈಸ್ಲರ್ ಒಪ್ಪಂದದ ವರ್ಷವಾದ 1940ರಲ್ಲೇ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ನಗರದ ಬಸ್ ಸೇವೆ ಆರಂಭಿಸಿತ್ತು. 1956ರಲ್ಲಿ ಅದು ಸರ್ಕಾರದ ಸ್ವತ್ತಾಯಿತು. ಅದರ ವಾರಸುದಾರ ಸಂಸ್ಥೆಯ ಬಳಿ ಇರುವ ಬಸ್ಸುಗಳು ಕೆಲವೇ ಸಾವಿರ. ಮೆಟ್ರೋ ರೈಲು ಕೆಂಗೇರಿ ತಲುಪಿದ್ದು 2021ರಲ್ಲಿ. ಕಾರಿನ ದಾರಿಗೆ ಮೊದಲ ಪಂಕ್ತಿ; ಜನರ ವಾಹನಕ್ಕೆ ಉಳಿದ ಊಟ.

ಎರಡು ಆಕ್ಷೇಪಗಳು

ಕಾರು ಉದ್ಯೋಗ ಕೊಡುತ್ತದಲ್ಲ ಎನ್ನುವವರಿದ್ದಾರೆ. ವಿಶ್ವೇಶ್ವರಯ್ಯನವರ ಕಳಕಳಿಯೂ ಅದೇ ಆಗಿತ್ತು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಕಾರ್ಖಾನೆ ಕೈತಪ್ಪಿದ ಅದೇ ಗಳಿಗೆಯಲ್ಲಿ, 1940ರ ಡಿಸೆಂಬರಿನಲ್ಲಿ, ಅದೇ ವಾಲ್‌ಚಂದ್ ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭಿಸಿದರು. ಅದು ಸಾರ್ವಜನಿಕ ಸಂಸ್ಥೆಯಾಗಿ ಇಂದಿಗೂ ಉಳಿದಿದೆ. ನಾಡಿಗೆ ಬೇಕಾದದ್ದು ಕುಶಲ ಕೈಗಳು. ಆ ಕೈಗಳು ಬಸ್ಸನ್ನೂ ರೈಲನ್ನೂ ಕಟ್ಟಬಲ್ಲವು.

ಇನ್ನು ಮುಂದೆ ವಿದ್ಯುತ್ ಕಾರು ಬರುತ್ತದೆ, ಹೊಗೆಯ ಚಿಂತೆ ತೀರುತ್ತದೆ ಎಂಬುದು ಎರಡನೆಯ ಮಾತು. ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ವಿದ್ಯುತ್ ಕಾರು 2001ರಲ್ಲಿ ಬಂತು. 2010ರಲ್ಲಿ ಕಂಪನಿ ಮಹೀಂದ್ರ ಸಂಸ್ಥೆಯ ಕೈಸೇರಿತು. ಆ ಹೆಸರೂ ಈಗ ಬೀದಿಯಲ್ಲಿಲ್ಲ. ಹೊಗೆಯಿಲ್ಲದ ಕಾರಿಗೂ ಅಷ್ಟೇ ಅಗಲದ ರಸ್ತೆ ಬೇಕು, ಅಷ್ಟೇ ಜಲ್ಲಿ ಬೇಕು, ಅಷ್ಟೇ ಗುಡ್ಡ ಒಡೆಯಬೇಕು. ಅದಕ್ಕೆ ಬೇಕಾದ ವಿದ್ಯುತ್ತು ಗೋಡೆಯ ತೂತಿನಿಂದ ಹುಟ್ಟುವುದಿಲ್ಲವೆಂದು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಶರಾವತಿ ಕಣಿವೆಯನ್ನು ಭೂಗತ ವಿದ್ಯುದಾಗಾರಕ್ಕಾಗಿ ಮತ್ತೆ ಅಗೆಯುವ ಯೋಜನೆ ಯಾರ ಬೇಡಿಕೆಗಾಗಿ ಎಂಬುದನ್ನೂ ಅವರು ಕೇಳಲೇಬೇಕು.

ಮಲೆನಾಡಿನ ಲೆಕ್ಕ

ಕೆಂಗೇರಿಯಲ್ಲಿ ಅಗಲವಾದ ರಸ್ತೆ ಘಟ್ಟದಲ್ಲಿಯೂ ಅಗಲವಾಗಬೇಕೆಂದು ಒತ್ತಾಯಿಸುತ್ತದೆ. ಬಯಲಲ್ಲಿ ಹೊಲ ಹೋದರೆ ಘಟ್ಟದಲ್ಲಿ ಗುಡ್ಡವೇ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿ ಅಗಲಿಸಲು ಬುಡ ಕಡಿದಿದ್ದ ಗುಡ್ಡ ಕುಸಿದು ರಸ್ತೆಬದಿಯ ಚಹಾ ಅಂಗಡಿಯ ಕುಟುಂಬವನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಶಿರಾಡಿ ಘಟ್ಟದಲ್ಲಿ ಮಳೆಗಾಲ ಬಂತೆಂದರೆ ಮಣ್ಣು ರಸ್ತೆಗಿಳಿಯುವುದು ವಾಡಿಕೆಯಾಗಿದೆ.

ಇದೇ ಮಲೆನಾಡು ಬೇರೊಂದು ದಾರಿಯನ್ನೂ ತೋರಿಸಿತ್ತು. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಸಂಸ್ಥೆ ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಒಡೆಯರೇ. ಮಲೆನಾಡಿನ ಮೂಲೆಯ ಊರುಗಳಿಗೆ, ಶಾಲೆ ಕಾಲೇಜಿನ ಮಕ್ಕಳಿಗೆ ಮೂರು ದಶಕ ದುಡಿದ ಆ ಬಸ್ಸುಗಳು ನಷ್ಟದ ಭಾರ ತಾಳಲಾರದೆ 2020ರಲ್ಲಿ ನಿಂತವು. ಮುಳುಗುವ ಕಾರು ಕಂಪನಿಗೆ ಸಾವಿರಾರು ಕೋಟಿ ಡಾಲರ್ ಸುರಿಯುವ ಲೋಕದಲ್ಲಿ ಕಾರ್ಮಿಕರ ಬಸ್ಸನ್ನು ಉಳಿಸಲು ಯಾರಿಗೂ ಕೈಬರಲಿಲ್ಲ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸಂತೋಷ. ಬಸ್ಸೇ ಬಾರದ ಹಳ್ಳಿಯ ಹೆಣ್ಣುಮಗಳಿಗೆ ಅದರಿಂದ ಬಂದ ಭಾಗ್ಯವೇನು?

ಮಲೆನಾಡಿಗರು ರಸ್ತೆಯ ವಿರೋಧಿಗಳಲ್ಲ. ಹೆರಿಗೆಗೆ, ಆಸ್ಪತ್ರೆಗೆ, ಅಡಿಕೆ ಮಂಡಿಗೆ ದಾರಿ ಬೇಕು. ಬೇಡವಾದದ್ದು ನಗರದ ವಾರಾಂತ್ಯದ ಕಾರುಸಾಲಿಗಾಗಿ ಗುಡ್ಡ ಕಡಿಯುವ ರಸ್ತೆ. ಆದ್ದರಿಂದ ಅಗಲೀಕರಣದ ಅಳತೆಯವರು ಊರಿಗೆ ಬಂದ ದಿನವೇ ಗ್ರಾಮಸಭೆ ಸೇರಬೇಕು. ಈ ರಸ್ತೆಯಲ್ಲಿ ದಿನಕ್ಕೆ ಎಷ್ಟು ಬಸ್ಸು ಓಡಿಸುತ್ತೀರಿ? ಕಡಿದ ಮಣ್ಣನ್ನು ಯಾವ ಹಳ್ಳಕ್ಕೆ ಸುರಿಯುತ್ತೀರಿ? ಗುಡ್ಡ ಜಾರಿದರೆ ಹೊಣೆ ಯಾರದು? ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೆ ಹತ್ತು ವರ್ಷದ ಹಿಂದೆ ಎಷ್ಟು ಬಸ್ಸು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ ಎಂದು ಪಟ್ಟಿ ಮಾಡಿ ಆ ಸಭೆಯ ಮುಂದಿಡಬೇಕು. ಇಂದು ಷೋರೂಮಿನಲ್ಲಿ ಮಿಂಚುವ ಹೆಸರುಗಳಲ್ಲಿ ಯಾವುದು ಇನ್ನು ಮೂವತ್ತು ವರ್ಷಕ್ಕೆ ಉಳಿದೀತೋ ಅದನ್ನು ತಯಾರಿಸುವವರೂ ಹೇಳಲಾರರು. ಆಗಲೂ ಆ ಗುಡ್ಡದ ಬುಡದಲ್ಲಿ ಬದುಕಬೇಕಾದವರು ಇಂದಿನ ಈ ವಿದ್ಯಾರ್ಥಿಗಳೇ.