ರಾಯರ ಆಕ್ಷೇಪಣೆಗಳು

ನಿಯಮವನ್ನು ಪಾಲಿಸುವುದರಲ್ಲಿ ಮನುಷ್ಯನಿಗೆ ಒಂದು ಬಗೆಯ ಸುಖವಿದೆ. ಅದನ್ನು ಮುರಿಯುವುದರಲ್ಲಿ ಇನ್ನೊಂದು ಬಗೆಯ ಸುಖವಿದೆ. ಇವೆರಡನ್ನೂ ಮೀರಿದ ಮೂರನೆಯ ಸುಖವೊಂದುಂಟು: ನಿಯಮವನ್ನು ಅಕ್ಷರಶಃ ಪಾಲಿಸುತ್ತ, ಅದರಲ್ಲಿರುವ ತಪ್ಪನ್ನು ಹುಡುಕುವುದು. ಈ ಮೂರನೆಯ ಸುಖವನ್ನು ಮೂವತ್ತೈದು ವರ್ಷಗಳ ಕಾಲ, ಸಂಬಳಸಮೇತವಾಗಿ ಅನುಭವಿಸಿದ ಪುಣ್ಯವಂತರು ಬಸವನಗುಡಿಯ ರಾಯರು. ಸರಕಾರಿ ಲೆಕ್ಕಗಳನ್ನು ತಪಾಸಣೆ ಮಾಡುವ ಕಚೇರಿಯೊಂದರಲ್ಲಿ ಅವರ ಸೇವೆ ಸಂದಿತ್ತು. ನಿವೃತ್ತಿಯಾದ ಮೇಲೂ ಅವರ ಕೆಂಪು ಶಾಯಿಯ ಪೆನ್ನು ನಿವೃತ್ತವಾಗಲಿಲ್ಲ. ಹಾಲಿನವನ ಲೆಕ್ಕದಿಂದ ಮದುವೆಯ ಲಗ್ನಪತ್ರಿಕೆಯವರೆಗೆ, ಮನೆಗೆ ಬಂದ ಕಾಗದವೆಲ್ಲ ಒಂದೆರಡು ಕೆಂಪು ಗೆರೆಗಳನ್ನು ಹೊತ್ತೇ ಒಳಕ್ಕೆ ಹೋಗಬೇಕು.

2020ರ ಮಾರ್ಚ್ 24ರಂದು ರಾತ್ರಿ 8 ಗಂಟೆಗೆ, ಅಂದಿನ ನಡುರಾತ್ರಿಯಿಂದಲೇ 21 ದಿನಗಳ ಕಾಲ ಇಡೀ ದೇಶ ಬಾಗಿಲು ಹಾಕಿಕೊಳ್ಳತಕ್ಕದ್ದೆಂದು ಪ್ರಧಾನಮಂತ್ರಿಗಳು ಸಾರಿದರು. ಕೇಳಿದವರೆಲ್ಲ ಚೀಲ ಹಿಡಿದು ಅಂಗಡಿಗೆ ಓಡಿದರು. ರಾಯರು ಮಾತ್ರ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು, ಧೂಳು ಕೊಡವಿ, ಮೊದಲ ಪುಟದಲ್ಲಿ 'ಶ್ರೀ' ಎಂದು ಬರೆದು, ಅದರ ಕೆಳಗೆ 'ಆಕ್ಷೇಪಣೆಗಳು' ಎಂದು ಬರೆದು ಎರಡು ಗೆರೆ ಎಳೆದರು.

"ಏನೂಂದ್ರೆ, ಇನ್ನು ನಾಲ್ಕು ಗಂಟೇಲಿ ಎಲ್ಲಾ ಮುಚ್ಚುತ್ತಂತೆ. ಮನೇಲಿ ಹುಣಸೆಹಣ್ಣು ಮುಗಿದಿದೆ. ನೀವು ಪುಸ್ತಕ ಹಿಡ್ಕೊಂಡು ಕೂತಿದ್ದೀರಲ್ಲ!" ಎಂದರು ಅವರ ಧರ್ಮಪತ್ನಿ.

"ಅದೇ ಕಣೇ ಮೊದಲನೇ ಆಕ್ಷೇಪಣೆ" ಎಂದು ರಾಯರು ಬರೆಯತೊಡಗಿದರು: 'ನೂರಮೂವತ್ತು ಕೋಟಿ ಜನರಿಗೆ ನಾಲ್ಕು ಗಂಟೆಯ ಮುನ್ಸೂಚನೆ. ಒಬ್ಬ ಗುಮಾಸ್ತನನ್ನು ಪಕ್ಕದ ತಾಲ್ಲೂಕಿಗೆ ವರ್ಗ ಮಾಡುವಾಗಲೂ ಇದಕ್ಕಿಂತ ಹೆಚ್ಚಿನ ಕಾಲಾವಕಾಶ ಕೊಡುವುದು ರೂಢಿ.' ಆ 21 ದಿನ ಮನೆಯಲ್ಲಿ ನಿಂಬೆಹಣ್ಣಿನ ಸಾರು ನಡೆಯಿತು.

ಈ ಆಜ್ಞೆಗಳಿಗೆಲ್ಲ ಆಧಾರವಾದ ಕಾನೂನು ಯಾವುದೆಂದು ಅವರು ಹುಡುಕಿದರು. ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ, 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಅವಸರವಾಗಿ ರಚಿಸಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಇನ್ನೂ ಜೀವಂತವಾಗಿತ್ತು. ಅದು ಮೂಲತಃ ನಾಲ್ಕೇ ಕಲಮುಗಳ ಕಾಯಿದೆ. ಮೊದಲನೆಯದು ಅದರ ಹೆಸರನ್ನು ಹೇಳುತ್ತದೆ. ಎರಡನೆಯದು ಸರಕಾರ ತನಗೆ ತೋರಿದ ಕ್ರಮವನ್ನು ಕೈಗೊಳ್ಳಬಹುದೆನ್ನುತ್ತದೆ. ಮೂರನೆಯದು ಮೀರಿದವರಿಗೆ ಶಿಕ್ಷೆಯೆನ್ನುತ್ತದೆ. ನಾಲ್ಕನೆಯದು, ಸದ್ಭಾವನೆಯಿಂದ ನಡೆದುಕೊಂಡವನ ಮೇಲೆ ಯಾರೂ ದಾವೆ ಹೂಡುವಂತಿಲ್ಲವೆನ್ನುತ್ತದೆ. ರಾಯರು ನಾಲ್ಕನೆಯ ಕಲಮನ್ನು ಮೂರು ಸಲ ಓದಿ ಕನ್ನಡಕ ಒರೆಸಿಕೊಂಡರು. ಮೂವತ್ತೈದು ವರ್ಷಗಳಲ್ಲಿ ತಾವು ಹಿಡಿದ ಒಬ್ಬ ಅಧಿಕಾರಿಗೂ ಇಂತಹ ಕಲಮು ಹೊಳೆದಿರಲಿಲ್ಲವಲ್ಲ ಎಂದು ಅವರಿಗೆ ಮರುಕವಾಯಿತು. ಇದೇ ಕಾಯಿದೆಯ ಕಾಲದಲ್ಲಿ ಪುಣೆಯ ಮನೆಮನೆಗೆ ಸಿಪಾಯಿಗಳು ನುಗ್ಗಿ ರೋಗಿಗಳನ್ನು ಹುಡುಕಿದ್ದು, ಜನ ಕೆರಳಿದ್ದು, ಕೊನೆಗೆ 1897ರ ಜೂನ್‌ನಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡ್ ಚಾಪೇಕರ್ ಸೋದರರ ಗುಂಡಿಗೆ ಗುರಿಯಾದದ್ದು ಅವರಿಗೆ ನೆನಪಾಯಿತು. 2020ರ ಏಪ್ರಿಲ್‌ನಲ್ಲಿ ಕರ್ನಾಟಕ ತನ್ನದೇ ಸುಗ್ರೀವಾಜ್ಞೆಯನ್ನು ಹೊರಡಿಸಿದಾಗ, ಹಳೆಯದಕ್ಕೆ 123 ವರ್ಷ ವಯಸ್ಸಾಗಿತ್ತೆಂದು ಷರಾ ಬರೆದುಕೊಂಡರು.

ಮೂರನೆಯ ಆಕ್ಷೇಪಣೆ ಮನೆಯೊಳಗೇ ಹುಟ್ಟಿತು. ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ಅವರ ಮಗ ಜರ್ಮನಿಯಿಂದ ಬಂದಿಳಿದಿದ್ದ. ವಿಮಾನ ನಿಲ್ದಾಣದಲ್ಲೇ ಅವನ ಕೈಮೇಲೆ ಮುದ್ರೆ ಬಿದ್ದಿತ್ತು. ಹದಿನಾಲ್ಕು ದಿನ ಮಹಡಿಯ ಕೋಣೆಯಲ್ಲಿ ಅವನ ಏಕಾಂತವಾಸ. ಬಾಗಿಲಲ್ಲಿ ತಟ್ಟೆ ಇಟ್ಟು, ಒಮ್ಮೆ ಕೆಮ್ಮಿ, ತಾಯಿ ಕೆಳಗಿಳಿಯುವುದು. ಮಾರ್ಚ್ 30ರಂದು ರಾಜ್ಯ ಸರಕಾರದ ಹೊಸ ಆಜ್ಞೆ ಬಂತು: ಮನೆಯಲ್ಲಿ ಏಕಾಂತದಲ್ಲಿರುವವರು ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಸರಕಾರಕ್ಕೆ ಮೊಬೈಲಿನ ಮೂಲಕ ಕಳುಹಿಸಬೇಕು; ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನಿದ್ರೆಗೆ ವಿನಾಯಿತಿ. ತಪ್ಪಿದವರನ್ನು ಸರಕಾರವೇ ಬಂದು ತನ್ನ ತಾಣಕ್ಕೆ ಕರೆದೊಯ್ಯುವುದು.

ರಾಯರು ಲೆಕ್ಕ ಹಾಕಿದರು: ದಿನಕ್ಕೆ ಹದಿನೈದು ಚಿತ್ರ. ಸಾವಿರಾರು ಜನರ ಹದಿನೈದು ಚಿತ್ರಗಳನ್ನು ನೋಡುವ ಗುಮಾಸ್ತ ಯಾರು? ಅವನಿಗೆ ಊಟದ ಬಿಡುವು ಯಾವಾಗ? ಅವನು ನೋಡಿದನೆಂಬುದಕ್ಕೆ ರುಜು ಎಲ್ಲಿ? ಅವರ ಪತ್ನಿಯ ದುಃಖ ಬೇರೆಯೇ ಆಗಿತ್ತು. "ನಾಲ್ಕು ವರ್ಷದಿಂದ ವಾರಕ್ಕೊಂದ್ಸಲ ಮುಖ ತೋರಿಸೋ ಅಂತ ಗೋಗರೆದೆ. ಕೆಲಸ ಅಮ್ಮಾ, ಪುರುಸೊತ್ತಿಲ್ಲ ಅಮ್ಮಾ ಅಂತಿದ್ದ. ಈಗ ಸರಕಾರ ಗದರಿಸಿದ ಕೂಡಲೇ ಗಂಟೆಗೊಮ್ಮೆ ತಲೆ ಬಾಚ್ಕೊಂಡು ಕೂರ್ತಾನೆ ನೋಡಿ!"

ಮೇ ತಿಂಗಳಲ್ಲಿ ಬಿಗಿ ಸಡಿಲವಾಯಿತು. ಸಡಿಲಿಕೆಗೂ ಒಂದು ಕ್ರಮವಿರಬೇಕಷ್ಟೆ. ಮೇ 4ರಂದು ಮದ್ಯದಂಗಡಿಗಳು ತೆರೆದವು. ಮಡಿಯುಟ್ಟು ನಿಂತವರಂತೆ ಜನರು ಅಂತರ ಬಿಟ್ಟು, ಸುಣ್ಣದ ವೃತ್ತಗಳೊಳಗೆ ಬೆಳಗಿನಿಂದಲೇ ಸಾಲಾಗಿ ನಿಂತರು. ದೇವಾಲಯಗಳು ತೆರೆದದ್ದು ಜೂನ್ 8ರಂದು, ಅದೂ ತೀರ್ಥ ಪ್ರಸಾದಗಳಿಲ್ಲದೆ. ನಡುವಿನ 35 ದಿನಗಳನ್ನು ರಾಯರು ಕೆಂಪು ಶಾಯಿಯಲ್ಲಿ ಗುರುತಿಸಿ, 'ಒಂದು ತೀರ್ಥಕ್ಕೆ ಅನುಮತಿ, ಇನ್ನೊಂದಕ್ಕೆ ನಿಷೇಧ; ಕಾರಣ ಕಡತದಲ್ಲಿ ಕಾಣುವುದಿಲ್ಲ; ಬೊಕ್ಕಸದಲ್ಲಿ ಕಾಣಬಹುದು' ಎಂದು ಬರೆದರು. ಮೇ 19ರಿಂದ ಉದ್ಯಾನಗಳಿಗೆ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ಪ್ರವೇಶವೆಂದಾಯಿತು. ಉಳಿದ ವೇಳೆಯಲ್ಲಿ ಕೃಷ್ಣರಾವ್ ಉದ್ಯಾನದ ಬೆಂಚಿನ ಮೇಲೆ ವೈರಾಣು ಕೆಲಸಕ್ಕೆ ಬಂದಿತ್ತೇ ಎಂಬುದಕ್ಕೆ ಅದರ ಹಾಜರಿ ಪುಸ್ತಕವನ್ನು ಹಾಜರುಪಡಿಸಬೇಕೆಂದು ರಾಯರು ಕೋರಿದರು.

ಆದರೆ ಮೇ ತಿಂಗಳ ಒಂದು ಪುಟದಲ್ಲಿ ಹಾಸ್ಯವಿಲ್ಲ. ಎದುರಿನ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದ ಬಿಹಾರದ ನಾಲ್ವರು ಕೂಲಿಗಳು, ಕೆಲಸ ನಿಂತು ಆರು ವಾರವಾಗಿ, ಊರಿಗೆ ಹೊರಡುವ ವಿಶೇಷ ರೈಲಿಗಾಗಿ ಗಂಟು ಕಟ್ಟಿಕೊಂಡು ಕುಳಿತಿದ್ದರು. ಮೇ 5ರಂದು ಕಟ್ಟಡ ನಿರ್ಮಾಪಕರೊಡನೆ ಮುಖ್ಯಮಂತ್ರಿಗಳ ಸಭೆ ನಡೆಯಿತು. ಆ ರೈಲುಗಳು ಬೇಡವೆಂದು ಸರಕಾರದಿಂದ ರೈಲ್ವೆಗೆ ಪತ್ರ ಹೋಯಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ, ಎರಡೇ ದಿನದಲ್ಲಿ ರೈಲುಗಳನ್ನು ಮತ್ತೆ ಬಿಡಲು ಒಪ್ಪಲಾಯಿತು. ಅಷ್ಟರಲ್ಲಿ ನಾಲ್ವರಲ್ಲಿ ಇಬ್ಬರು ನಡೆದೇ ಹೊರಟುಹೋಗಿದ್ದರು. ರಾಯರ ಪತ್ನಿ ಎಂದಿನಂತೆ ನಾಲ್ಕು ಪೊಟ್ಟಣ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಎರಡನ್ನು ಹಿಂದಕ್ಕೆ ತಂದರು. ಆ ದಿನದ ಪುಟದಲ್ಲಿ ತಾರೀಖಿದೆ, 'ಪೊಟ್ಟಣ 4. ಉಳಿಕೆ 2' ಎಂದಿದೆ. ಮತ್ತೇನೂ ಇಲ್ಲ.

ಈ ಪುಸ್ತಕಕ್ಕೆ ಒಬ್ಬರೇ ಒಬ್ಬ ಓದುಗರಿದ್ದರು, ಪಕ್ಕದ ಬೀದಿಯ ಶಾಸ್ತ್ರಿಗಳು. ಸಂಜೆಯಾದೊಡನೆ ಗೇಟಿನ ಆಚೆ ಮಡಿಸುವ ಕುರ್ಚಿ ಹಾಕಿಕೊಂಡು ಅವರು ಕೂರುವುದು, ಈಚೆ ಜಗಲಿಯ ಮೇಲಿನಿಂದ ರಾಯರು ಓದುವುದು, ಇಬ್ಬರೂ ನಗುವುದು. ಶಾಸ್ತ್ರಿಗಳದು ನಸ್ಯದ ಅಭ್ಯಾಸ. ಮುಖಗವಸನ್ನು ತೆಗೆಯದೆ ನಸ್ಯ ಏರಿಸುವ ವಿಧಾನ ಇನ್ನೂ ಆವಿಷ್ಕಾರವಾಗಿಲ್ಲದ ಕಾರಣ, 2020ರ ಅಕ್ಟೋಬರಿನಲ್ಲಿ ಅವರು ಗಾಂಧಿಬಜಾರಿನಲ್ಲಿ ಮಾರ್ಷಲನ ಕೈಗೆ ಸಿಕ್ಕಿಬಿದ್ದರು. ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ ಏರಿಸಿ, ಜನ ಕೂಗಾಡಿದ ಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿದ್ದ ಸಮಯ ಅದು. "ನೋಡಿ ರಾಯರೇ, ಹಿಂದಿನ ವಾರ ಸಿಕ್ಕಿದ್ದರೆ ಸಾವಿರ ಹೋಗ್ತಿತ್ತು. ಏಳುನೂರೈವತ್ತು ರೂಪಾಯಿ ಉಳಿತಾಯ ಮಾಡಿದೆ!" ಎಂದು ಅವರು ಸಂತೋಷದಿಂದ ಹೇಳಿಕೊಂಡರು. ಅಂದಿನಿಂದ ಅವರ ಮುಖಗವಸು ಕೊರಳಿಗಿಳಿದು ಕಂಠಾಭರಣವಾಯಿತು.

ಪುಸ್ತಕದ ಅತ್ಯಂತ ಜನಪ್ರಿಯ ಪುಟ ಡಿಸೆಂಬರಿನದು. 2020ರ ಡಿಸೆಂಬರ್ 23ರಂದು, ಅಂದೇ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ ಎಂದು ಸರಕಾರ ಸಾರಿತು. ಅದೇ ದಿನ ಆಜ್ಞೆ ತಿದ್ದುಪಡಿಯಾಗಿ, ಮರುದಿನದಿಂದ, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಎಂದಾಯಿತು. ಮರುದಿನ ಕರ್ಫ್ಯೂ ಹುಟ್ಟುವುದಕ್ಕೆ ಕೆಲವು ಗಂಟೆ ಮೊದಲು ಅದನ್ನು ಹಿಂದಕ್ಕೆ ಪಡೆಯಲಾಯಿತು. 'ನಾಮಕರಣವೂ ತಿಥಿಯೂ ಆಯಿತು. ಹುಟ್ಟುವುದೊಂದು ಬಾಕಿ' ಎಂಬ ರಾಯರ ಷರಾ ಕೇಳಿ ಶಾಸ್ತ್ರಿಗಳು ನಸ್ಯದ ಡಬ್ಬಿಯನ್ನು ಕೆಳಗೆ ಬೀಳಿಸಿಕೊಂಡರು.

"ನಾಳೆ ಬದಲಾಗೋ ನಿಯಮಾನ ಇವತ್ತು ಯಾಕ್ರೀ ಪಾಲಿಸಬೇಕು?" ಎಂದರು ಅವರು.

ಒಳಗಿನಿಂದ ಕಾಫಿ ತಂದ ರಾಯರ ಪತ್ನಿಗೆ ಈ ಮಾತು ಹಿಡಿಸಲಿಲ್ಲ. "ನಮ್ಮಜ್ಜಿ ಹೇಳ್ತಿದ್ರು, ಪ್ಲೇಗಿನ ಕಾಲದಲ್ಲಿ ಮನೇಲಿ ಇಲಿ ಬಿತ್ತು ಅಂದ್ರೆ, ಹಚ್ಚಿದ ಒಲೆ ಆರಿಸಿ, ಮಕ್ಕಳನ್ನ ಎತ್ಕೊಂಡು, ಊರಾಚೆ ತೋಪಿನಲ್ಲಿ ಗುಡಿಸಲು ಹಾಕ್ಕೋತಿದ್ರಂತೆ. ಯಾವ ಪೋಲೀಸಿನವನೂ ಬಂದು ಹೇಳಬೇಕಾಗಿರಲಿಲ್ಲ."

"ಅವರಿಗೆ ಇಲಿ ಕಾಣಿಸ್ತಿತ್ತು, ತಾಯೀ" ಎಂದರು ಶಾಸ್ತ್ರಿಗಳು. "ನಮಗೆ ಬರೀ ಸುತ್ತೋಲೆ ಕಾಣಿಸ್ತದೆ."

ರಾಯರು ಆ ಮಾತನ್ನೂ ಬರೆದುಕೊಂಡರು. ಪ್ಲೇಗಿನ ನಿಯಮಗಳಲ್ಲಿಯೂ ಎರಡು ಬಗೆಯಿದ್ದವು. ಪುಣೆಯಲ್ಲಿ ಸಿಪಾಯಿಯ ಬೂಟಿನೊಡನೆ ಬಂದ ನಿಯಮವನ್ನು ಜನರು ದ್ವೇಷಿಸಿದರು. ಇಲಿಯೊಡನೆ ಬಂದ ನಿಯಮವನ್ನು ತಾವಾಗಿ ಪಾಲಿಸಿದರು. ಇವರಿಬ್ಬರೂ ಕುಳಿತು ನಗುತ್ತಿದ್ದ ಆ ಅಗಲವಾದ ಬೀದಿಯೂ ಪ್ಲೇಗಿನ ಉಪಕಾರವೇ. 1898ರಲ್ಲಿ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ರೋಗ ಕಾಡಿದ ಮೇಲೆ ಜನ ಹೊರಗೆ ಬಂದು ನೆಲಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರಗಳು. ಕಾರಣ ಕಣ್ಣಿಗೆ ಕಂಡರೆ ಮನುಷ್ಯ ಮನೆಯನ್ನೇ ಬಿಡುತ್ತಾನೆ. ಕಾಣದಿದ್ದರೆ ನಸ್ಯವನ್ನೂ ಬಿಡುವುದಿಲ್ಲ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಹಾಕತೊಡಗಿದರು. ರಾಯರನ್ನು ಪತ್ನಿ ಮೊದಲ ವಾರವೇ ಎಳೆದೊಯ್ದರು. ಶಾಸ್ತ್ರಿಗಳು ಹೋಗಲಿಲ್ಲ. ಎರಡು ಚುಚ್ಚುಮದ್ದುಗಳ ನಡುವೆ 28 ದಿನಗಳ ಅಂತರವೆಂದು ಮೊದಲು ಹೇಳಿ, ಅದೇ ತಿಂಗಳಲ್ಲಿ ಕೋವಿಶೀಲ್ಡಿಗೆ 6ರಿಂದ 8 ವಾರವೆಂದು ಬದಲಿಸಿದ್ದರು. "ಅವರ ಲೆಕ್ಕ ಮೊದಲು ಇತ್ಯರ್ಥವಾಗಲಿ ರಾಯರೇ, ಆಮೇಲೆ ನಾನು ತೋಳು ಕೊಡ್ತೇನೆ" ಎಂದರು. ಹೊಸ ಅರಿವು ಬಂದಂತೆ ವೈದ್ಯರು ಮಾತು ಬದಲಿಸುವುದು ಬೇರೆ, ಕೂಗಾಟ ಬಂದಂತೆ ಕಚೇರಿ ಮಾತು ಬದಲಿಸುವುದು ಬೇರೆ. ಈ ವ್ಯತ್ಯಾಸ ರಾಯರಿಗೆ ಗೊತ್ತಿತ್ತು. ಆದರೆ ಮಾತು ಚಮತ್ಕಾರವಾಗಿತ್ತು, ಅವರು ನಕ್ಕುಬಿಟ್ಟರು.

ಏಪ್ರಿಲಿನಲ್ಲಿ ಶಾಸ್ತ್ರಿಗಳು ಸೋದರಳಿಯನ ಮದುವೆಗೆ ಹೋಗಿಬಂದರು. ತಿಂಗಳ ಕೊನೆಯ ವಾರ ಜ್ವರ ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದಕ್ಕೆ ಎರಡು ದಿನ ಹಿಡಿಯಿತು. ಬೆಂಗಳೂರಿನ ಚಿತಾಗಾರಗಳು ಹಗಲಿರುಳು ಉರಿಯುತ್ತಿದ್ದ ಮೇ ತಿಂಗಳ ಒಂದು ಬೆಳಗ್ಗೆ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಐದು ಜನರಿಗಿಂತ ಹೆಚ್ಚು ಸೇರಕೂಡದೆಂಬ ನಿಯಮ ಆಗ ಜಾರಿಯಲ್ಲಿತ್ತು. ಮಗ, ಅಳಿಯ, ತಮ್ಮ, ಇಬ್ಬರು ಸೋದರಳಿಯಂದಿರು, ಐದಾಯಿತು. ರಾಯರು ಆರನೆಯವರು.

"ಯಾರು ಎಣಿಸ್ತಾರೆ? ಹೋಗಿ ಬನ್ನಿ" ಎಂದರು ಪತ್ನಿ, ಮೆಲ್ಲಗೆ.

ರಾಯರು ಹೋಗಲಿಲ್ಲ. ಮುಖಗವಸು ಕಟ್ಟಿಕೊಂಡು, ಶಾಸ್ತ್ರಿಗಳು ಕುರ್ಚಿ ಹಾಕುತ್ತಿದ್ದ ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದರು. ಆ ರಾತ್ರಿ ಪುಸ್ತಕ ತೆರೆದು, ಐದು ಜನರ ನಿಯಮವನ್ನು ಬರೆದು, ಎದುರಿಗೆ 'ಆಕ್ಷೇಪಣೆ ಇಲ್ಲ' ಎಂದು ಬರೆದರು. ಅವರ ಸೇವೆಯಲ್ಲಿ ಅಪರೂಪವಾದ ಷರಾ ಅದು. ಅದರ ಕೆಳಗೆ ಕೊನೆಯ ಆಕ್ಷೇಪಣೆಯನ್ನು ದಾಖಲಿಸಿದರು:

'ಬೆಳಗಿನ ನಿಯಮವನ್ನು ಸಂಜೆ ಬದಲಿಸಿ, ಬದಲಿಸಿದ್ದಕ್ಕೆ ಕಾರಣ ಹೇಳದೆ ಹೋದವರು, ಮುಂದೆ ಬಂದ ಸರಿಯಾದ ನಿಯಮವನ್ನೂ ಜನರು ನಂಬದಂತೆ ಮಾಡಿದರು. ಈ ನಷ್ಟವನ್ನು ಯಾವ ಲೆಕ್ಕದ ಶೀರ್ಷಿಕೆಯಲ್ಲಿ ತೋರಿಸಬೇಕೋ ತಿಳಿಯದು. ಪರಿಶೋಧಕನೂ ಜೊತೆಯಲ್ಲಿ ನಕ್ಕಿದ್ದನೆಂಬುದನ್ನು ಗಮನಕ್ಕೆ ತಂದಿದೆ.'

ರುಜು ಹಾಕಿ, ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಸೇರಿಸಿದರು. ಗೇಟಿನ ಬಳಿಯ ಮಡಿಸುವ ಕುರ್ಚಿಯನ್ನು ಶಾಸ್ತ್ರಿಗಳ ಮನೆಯವರು ಕೇಳಲಿಲ್ಲ, ರಾಯರೂ ತೆಗೆಯಗೊಡಲಿಲ್ಲ.