ಗಾಜಿನ ತೊಟ್ಟಿಯಲ್ಲಿ ಕಡಲು

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂತಹ ಬಯಲುಸೀಮೆಯ ಊರಿನ ವಿದ್ಯಾರ್ಥಿಗೆ ಕಡಲ ಉಪ್ಪಿನ ಗೊಡವೆ ಏಕೆ ಎಂದು ಕೇಳುವವರುಂಟು. ಕಡಲು ಅಲ್ಲಿಗೆ ಬಹುದೂರ. ನಡುವೆ ಘಟ್ಟವೇ ಅಡ್ಡನಿಂತಿದೆ. ಆದರೂ ಕರಾವಳಿಯ ಬಾವಿಗೆ ಉಪ್ಪುನೀರು ನುಗ್ಗುವ ಬಗೆಯನ್ನು ತೋರಿಸುವ ಗಾಜಿನ ತೊಟ್ಟಿಯೊಂದು ಮಂಗಳೂರು, ಕಾರವಾರಗಳಲ್ಲಿ ಮಾತ್ರವಲ್ಲದೆ ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿಯೂ ಇರತಕ್ಕದ್ದೆಂಬುದು ನಮ್ಮ ವಾದ.

ಕಡಲನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು ಎರಡೂವರೆ ಪಾಲು ಹೆಚ್ಚು ಭಾರ. ಆದುದರಿಂದ ದಡದ ನೆಲದೊಳಗೆ ಸಿಹಿನೀರು ಮೇಲೆ ತೇಲಿದರೆ, ಉಪ್ಪುನೀರು ಅದರಡಿಯಲ್ಲಿ ಬೆಣೆಯಂತೆ ಒಳನಾಡಿನತ್ತ ಚಾಚಿಕೊಂಡಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್ ಇದರ ಲೆಕ್ಕವನ್ನು ಮುಂದಿಟ್ಟರು: ಅಂತರ್ಜಲವು ಕಡಲಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ನಿಂತಿರುತ್ತದೆ. ಈ ಲೆಕ್ಕವನ್ನು ತಿರುಗಿಸಿ ಓದಿದರೆ ಎದೆ ನಡುಗೀತು. ಪಂಪು ಹಚ್ಚಿ ಅಂತರ್ಜಲವನ್ನು 1 ಅಡಿ ತಗ್ಗಿಸಿದರೆ, ನಿಧಾನವಾಗಿಯಾದರೂ ಉಪ್ಪು 40 ಅಡಿ ಮೇಲೇರಲು ದಾರಿಯಾಯಿತು! ಬೇಸಗೆಯಲ್ಲಿ ನದಿಗಳ ಹರಿವು ಕುಗ್ಗಿದಾಗ ಭರತದ ನೀರು ನದೀಮುಖದಿಂದಲೂ ಒಳಗೇರುತ್ತದೆ. ಅದನ್ನು ತಡೆಯಲು ನಮ್ಮ ಕರಾವಳಿಯಲ್ಲಿ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿರುವರು. ನೆಲದೊಳಗಿನ ಬೆಣೆಗೆ ಮಾತ್ರ ಅಂತಹ ಬಾಗಿಲಿಲ್ಲ. ಅದು ಕಣ್ಣಿಗೂ ಕಾಣದು.

ಕಾಣುವಂತೆ ಮಾಡುವುದೇ ಪ್ರಯೋಗಶಾಲೆಯ ಕೆಲಸ. ಎರಡು ಗಾಜಿನ ಹಲಗೆಗಳ ನಡುವೆ ಒಂದೆರಡು ಅಂಗುಲ ಅಂತರವಿಟ್ಟು, ಅದರಲ್ಲಿ ತೊಳೆದ ಮರಳನ್ನೋ ಸಣ್ಣ ಗಾಜಿನ ಮಣಿಗಳನ್ನೋ ತುಂಬುವರು. ಒಂದು ಕೊನೆಯಲ್ಲಿ ಸಿಹಿನೀರು. ಇನ್ನೊಂದರಲ್ಲಿ ಕೆಂಪು ಬಣ್ಣ ಬೆರೆಸಿದ ಉಪ್ಪುನೀರು. ಸ್ವಲ್ಪ ಹೊತ್ತಿನಲ್ಲಿಯೇ ಕೆಂಪು ಬೆಣೆ ತಳದಲ್ಲಿ ಮೂಡುತ್ತದೆ. ಹಿಂದಿನಿಂದ ಒಂದೇ ಸಮನಾದ ಬೆಳಕನ್ನು ಹಾಯಿಸಿ ಕ್ಯಾಮೆರಾದಿಂದ ಚಿತ್ರ ತೆಗೆಯುತ್ತಾರೆ. ಇಷ್ಟಾದರೆ ಅದು ಬರಿಯ ನೋಟವಾಯಿತು, ಅಳತೆಯಾಗಲಿಲ್ಲ. ಅಳತೆಗಾಗಿ ಮೊದಲೇ ಕಾಲುಪಾಲು, ಅರ್ಧ, ಪೂರ್ಣ ಉಪ್ಪಿನ ಬಣ್ಣದ ನೀರನ್ನು ಒಂದೊಂದಾಗಿ ತುಂಬಿ ಚಿತ್ರ ತೆಗೆದು, ಎಷ್ಟು ಉಪ್ಪಿಗೆ ಎಷ್ಟು ಮಬ್ಬು ಎಂಬ ನಕ್ಷೆಯನ್ನು ಎಳೆದಿಟ್ಟುಕೊಳ್ಳಬೇಕು. ಆ ಮೇಲೆ ಚಿತ್ರದ ಪ್ರತಿಯೊಂದು ಚುಕ್ಕೆಯೂ ಉಪ್ಪಿನ ಪ್ರಮಾಣವನ್ನು ಹೇಳುತ್ತದೆ.

ತೊಟ್ಟಿಯೂ ಸುಳ್ಳು ಹೇಳಬಲ್ಲುದು. ಕೆಲವು ಬಣ್ಣಗಳು ಮರಳಿಗೆ ಅಂಟಿಕೊಂಡು ಉಪ್ಪಿಗಿಂತ ಹಿಂದುಳಿಯುತ್ತವೆ. ಮರಳು ತುಂಬಿದ ತೊಟ್ಟಿಯಲ್ಲಿ ಕ್ಯಾಮೆರಾ ಕಾಣುವುದು ಗಾಜಿಗೆ ತಾಗಿದ ಪದರವನ್ನು ಮಾತ್ರ. ಒಡಲೊಳಗನ್ನು ನೋಡಬೇಕಾದರೆ ಆಸ್ಪತ್ರೆಗಳಲ್ಲಿರುವಂತಹ ಕಾಂತೀಯ ಅನುರಣನ ಯಂತ್ರವೇ ಬೇಕು. ಎಲ್ಲಕ್ಕಿಂತ ದೊಡ್ಡ ವಂಚನೆ ಕಾಲದ್ದು. ಸಿಹಿನೀರಿನ ಮಟ್ಟವನ್ನು ಮತ್ತೆ ಏರಿಸಿದರೆ ತೊಟ್ಟಿಯ ಬೆಣೆ ನೋಡನೋಡುತ್ತಲೇ ಹಿಂದೆ ಸರಿಯುತ್ತದೆ. ನಿಜವಾದ ನೆಲದಲ್ಲಿ ಅದಕ್ಕೆ ವರ್ಷಗಳೇ ಬೇಕು. ಇದನ್ನು ಹೇಳಿಕೊಡದ ಉಪಾಧ್ಯಾಯರು ತೊಟ್ಟಿಯನ್ನು ಮುಟ್ಟದಿರುವುದೇ ಲೇಸು.

ಇನ್ನು ಜವನಗೊಂಡನಹಳ್ಳಿಯ ಮಾತು. ಈ ಸೀಮೆಯ ಕೊಳವೆ ಬಾವಿಯಲ್ಲಿ ಸವಳು ನೀರು ಬಂದರೆ ಅದು ಕಡಲಿನದಲ್ಲ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಫ್ಲೋರೈಡು ಬರುವುದೂ ಹೀಗೆಯೇ. ಕಾರಣ ಬೇರೆ, ಕುರುಡುತನ ಒಂದೇ. 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವು 1933ರ ತರುವಾಯ ಮತ್ತೆ ಕೋಡಿಬಿದ್ದುದು 2022ರಲ್ಲಿ. ಕಣ್ಣೆದುರಿನ ಆ ನೀರಿನ ಏರಿಳಿತವನ್ನು ತಾಲ್ಲೂಕಿಗೆ ತಾಲ್ಲೂಕೇ ಅಡಿಲೆಕ್ಕದಲ್ಲಿ ಬಲ್ಲುದು. ತನ್ನ ತೋಟದ ಕೆಳಗಿನ ನೀರು ಈ ವರ್ಷ ಎಷ್ಟು ಅಡಿ ಇಳಿಯಿತೆಂದು ಅಳೆದಿಟ್ಟವರು ಎಷ್ಟು ಮಂದಿ? ಅಳೆಯದೆಯೇ ಇನ್ನೂ ಆಳಕ್ಕೆ ಕೊರೆಯಿಸಿ ಸಾಲಕ್ಕೆ ಬೀಳುವ ರೈತನಿಗೆ ಉಪದೇಶಕ್ಕಿಂತ ಒಂದು ನೋಟ ಹೆಚ್ಚು ನೆರವಾದೀತು.

ಈ ತೊಟ್ಟಿಗೆ ದೊಡ್ಡ ಖರ್ಚಿಲ್ಲ. ಗಾಜು, ಅಂಟು, ಮರಳು, ಅಡಿಗೆಯ ಉಪ್ಪು, ಮಿಠಾಯಿಗೆ ಹಾಕುವ ಬಣ್ಣ, ಒಂದು ಮೊಬೈಲು: ಇಷ್ಟರಿಂದಲೇ ಆರಂಭಿಸಬಹುದು. ಹೆನ್ರಿ ಡಾರ್ಸಿ ತನ್ನ ನಿಯಮವನ್ನು 1856ರಲ್ಲಿ ಪ್ರಕಟಿಸಿದ್ದು ಮರಳು ತುಂಬಿದ ಕೊಳವೆಯ ಪ್ರಯೋಗದಿಂದಲೇ ಅಲ್ಲವೆ? ಹಿರಿಯೂರಿನ ಕಡೆಯ ಶಾಲೆಗಳು ಎರಡನೆಯ ತೊಟ್ಟಿಯಲ್ಲಿ ಮರಳಿನ ಬದಲು ಕಲ್ಲಿನ ಚಪ್ಪಡಿಗಳನ್ನು ಸಂದು ಬಿಟ್ಟು ಜೋಡಿಸಿ ಬಣ್ಣದ ನೀರನ್ನು ಹೊಯ್ಯಲಿ. ಪಕ್ಕಪಕ್ಕದ ಎರಡು ಕೊಳವೆಗಳಲ್ಲಿ ಒಂದಕ್ಕೆ ನೀರು ಬಂದು ಇನ್ನೊಂದು ಒಣಗಿಯೇ ಉಳಿಯುವುದೇಕೆಂದು ಮಕ್ಕಳು ಆಗ ತಾವಾಗಿಯೇ ಕೇಳುವರು.